ಪೊರೆ ತೆಗೆಸಿಕೊಂಡವರು

ಶ್ರೀರಾಂಪುರದ ಯಾವ ಕ್ರಾಸಿಗೆ ಹೋದರೂ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ಕಪ್ಪು ಕನ್ನಡಕ, ಜೇಬಿನಲ್ಲಿ ಡ್ರಾಪ್ಸ್ ಬಾಟಲಿ, ಬಾಯಿ ತುಂಬ ಆಪರೇಷನ್ನಿನ ಮಾತು. “ಹತ್ತೇ ನಿಮಿಷ ಸಾರ್, ಹೊಲಿಗೆ ಇಲ್ಲ, ನೋವಿಲ್ಲ!” ಎಂದು ಶುರು ಮಾಡಿದರೆ, ಆ ಹತ್ತು ನಿಮಿಷದ ಕಥೆ ಮುಗಿಯಲು ಒಂದು ಗಂಟೆ ಬೇಕು.

ನಮ್ಮ ಬೀದಿಯ ನಮೂನೆ ಒಬ್ಬ ರಿಟೈರಾದ ಬಿಟಿಎಸ್ ಕಂಡಕ್ಟರು. ಪೊರೆ ಇದ್ದಷ್ಟು ದಿನ ಅವರಷ್ಟು ಸಾಧು ಇನ್ನೊಬ್ಬರಿರಲಿಲ್ಲ. ಬಲಗಣ್ಣಿನ ಪಟ್ಟಿ ಬಿಚ್ಚಿದ ಮಾರನೆಯ ಬೆಳಿಗ್ಗೆ ತಾರಸಿ ಹತ್ತಿದರು. ತಂತಿಯ ಮೇಲೆ ಅವರದೇ ಬನಿಯನ್ ಒಣಗುತ್ತಿತ್ತು. ಎಡಗಣ್ಣು ಮುಚ್ಚಿದರು: ಆಗಷ್ಟೇ ನೀಲಿಗೆ ಅದ್ದಿ ತೆಗೆದ ಬಿಳುಪು. ಬಲಗಣ್ಣು ಮುಚ್ಚಿದರು: ಕಾಫಿ ಸೋಸಿದ ಬಟ್ಟೆ! ನಂಬಿಕೆ ಬರದೆ ಇಪ್ಪತ್ತು ಸಲ ಹಾಗೇ ಮಾಡಿದರು. ಎದುರು ತಾರಸಿಯಲ್ಲಿ ಹಪ್ಪಳ ಒಣಹಾಕುತ್ತಿದ್ದಾಕೆ ಸೆರಗು ಸರಿಮಾಡಿಕೊಂಡು ಸರಸರನೆ ಕೆಳಗಿಳಿದರು.

ಕಣ್ಣು ಹೊಡೆದದ್ದಲ್ಲ, ಪಾಪ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟಿ ನೀಲಿ ಬೆಳಕನ್ನು ತಡೆಯುತ್ತದೆ. ಅದನ್ನು ತೆಗೆದೊಡನೆ ತಡೆದಿದ್ದ ನೀಲಿಯೆಲ್ಲ ಒಳಗೆ ನುಗ್ಗುತ್ತದೆ. ಫ್ರಾನ್ಸಿನ ಚಿತ್ರಕಾರ ಕ್ಲೋಡ್ ಮೊನೆ 1923ರಲ್ಲಿ ಬಲಗಣ್ಣಿಗೆ ಆಪರೇಷನ್ ಮಾಡಿಸಿಕೊಂಡ ಮೇಲೆ, ಎಲ್ಲ ನೀಲಿ ನೀಲಿ ಎಂದು ಗೊಣಗಿದ್ದರು. ನಮ್ಮವರು ಗೊಣಗಿದ್ದು ಮನೆಯ ಮೇಲೆ. ಮೂಲೆಯ ಜೇಡರಬಲೆ, ಸ್ವಿಚ್ಚಿನ ಸುತ್ತ ಕೈಯ ಕೊಳೆ, ಫ್ಯಾನಿನ ರೆಕ್ಕೆಯ ಜಿಡ್ಡು, ಕೊನೆಗೆ ಮನೆಯಾಕೆ.

“ಏನೇ ಇದು, ತಲೆ ಇಷ್ಟೊಂದು ಬೆಳ್ಳಗಾಗಿದೆ?”

“ಹತ್ತು ವರ್ಷ ಆಯ್ತು. ಆ ಪೊರೆ ವಾಪಸ್ ಹಾಕ್ತಾರಾ ಕೇಳ್ಕೊಂಡು ಬನ್ನಿ.”

ಆಮೇಲೆ ಗಡ್ಡ ಹೆರೆಯಲು ಕನ್ನಡಿ ಮುಂದೆ ನಿಂತವರು ಮಧ್ಯಾಹ್ನದವರೆಗೆ ಯಾರೊಂದಿಗೂ ಮಾತಾಡಲಿಲ್ಲ.

ಸಂಜೆಗೆ ಚೇತರಿಸಿಕೊಂಡರು. 2014ರಿಂದ ಅಲ್ಲೇ ಇರುವ ಮೆಟ್ರೋ ನಿಲ್ದಾಣದ ಬೋರ್ಡನ್ನು ಸ್ಟಾಪ್ ಬಂತೆಂದು ಕೂಗುವ ಧಾಟಿಯಲ್ಲೇ ಓದಿದರು. ತಳ್ಳುಗಾಡಿಯವನ ಹುಳುಕು ಬದನೆಕಾಯಿ ಅವನಿಗೇ ಹಿಂದಿರುಗಿತು. ಆಮೇಲೆ ಪ್ರಚಾರ. ಕಟ್ಟೆಯ ಮೇಲೆ ಕೂತವರ ಕಣ್ಣಿಗೆಲ್ಲ ಮೊಬೈಲ್ ಟಾರ್ಚ್ ಬಿಟ್ಟು, “ನಿಂದು ಹಣ್ಣಾಗಿದೆ ಕಣಯ್ಯ, ತೆಗೆಸಿಬಿಡು” ಎಂಬ ತೀರ್ಪು. ಜೊತೆಗೆ ಇತಿಹಾಸ: “ನಮ್ಮಮ್ಮನಿಗೆ ಮಾಡಿದ್ದು ಎಂ.ಸಿ. ಮೋದಿ ಡಾಕ್ಟ್ರು. ಒಂದೇ ದಿನ 833 ಜನಕ್ಕೆ ಮಾಡಿ ಗಿನ್ನೆಸ್ ಪುಸ್ತಕಕ್ಕೆ ಹೋದ ಪುಣ್ಯಾತ್ಮ. ಆಗ ಲೆನ್ಸ್ ಎಲ್ಲಿತ್ತು? ಸೋಡಾಬುಡ್ಡಿ ಕನ್ನಡಕ!”

ಲೆನ್ಸ್ ಹುಟ್ಟಿದ ಕಥೆ ಲಂಡನ್ನಿನದು. ಯುದ್ಧವಿಮಾನಗಳ ಕಿಟಕಿಯ ಪ್ಲಾಸ್ಟಿಕ್ ಚೂರು ಪೈಲಟ್‌ಗಳ ಕಣ್ಣಿಗೆ ಹೊಕ್ಕರೂ ಕಣ್ಣು ಕೆರಳದ್ದನ್ನು ಗಮನಿಸಿದ ಡಾ. ಹೆರಾಲ್ಡ್ ರಿಡ್ಲಿ, ಅದೇ ಜಾತಿಯ ಪ್ಲಾಸ್ಟಿಕ್ಕಿನಿಂದ ಮಸೂರ ಮಾಡಿಸಿ 1949ರಲ್ಲಿ ಮೊದಲ ಸಲ ಕಣ್ಣಿನೊಳಗೆ ಕೂರಿಸಿದರು. ಇದನ್ನು ಮೊಮ್ಮಗ ಓದಿ ಹೇಳಿದ್ದೇ ತಪ್ಪಾಯಿತು. “ನನ್ನ ಕಣ್ಣಲ್ಲಿರೋದು ಏರೋಪ್ಲೇನ್ ಗ್ಲಾಸು!” ಎಂದು ಮೂರು ಬೀದಿಗೆ ಸುದ್ದಿ ಮುಟ್ಟಿಸಿದ್ದಾರೆ.

ಎಡಗಣ್ಣಿನ ಆಪರೇಷನ್ ಮುಂದಿನ ತಿಂಗಳು. ಮನೆಯಾಕೆ ಈಗಲೇ ಸುಣ್ಣ ಬಳಿಯುವವನಿಗೆ ಅಡ್ವಾನ್ಸ್ ಕೊಟ್ಟಿದ್ದಾರೆ.