ದುರ್ಗದ ಲಾಂಗ್ ಟರ್ಮ್ ಡಾಕ್ಟ್ರು

ಪಿಯುಸಿ ಮುಗಿಸಿ, ನೀಟ್ ಪರೀಕ್ಷೆಯನ್ನು ಎರಡನೆಯ ಸಲವೋ ಮೂರನೆಯ ಸಲವೋ ಬರೆಯಲು ಕೂತವರನ್ನು ಲಾಂಗ್ ಟರ್ಮ್ ಡಾಕ್ಟ್ರು ಎನ್ನುತ್ತಾರೆ. ಇವರು ಯಾವ ಮೆಡಿಕಲ್ ಕಾಲೇಜಿನ ಮೆಟ್ಟಿಲನ್ನೂ ಇನ್ನೂ ಹತ್ತಿರುವುದಿಲ್ಲ. ಊರಿನ ಮಟ್ಟಿಗೆ ಮಾತ್ರ ಆಗಲೇ ಡಾಕ್ಟ್ರು. ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಈ ಐದೂ ತಾಲ್ಲೂಕುಗಳಲ್ಲಿ ಈ ಜಾತಿ ಧಾರಾಳವಾಗಿ ಸಿಗುತ್ತದೆ. ಆದರೆ ಇದಕ್ಕೆ ತಕ್ಕ ನೆಲವೆಂದರೆ ಹರಪನಹಳ್ಳಿ ತಾಲ್ಲೂಕಿನ ಕೋಟೆಯೂರು ಉಚ್ಚಂಗಿದುರ್ಗ. ಚೋಳರು ಈ ಕೋಟೆಗೆ ಹನ್ನೆರಡು ವರ್ಷ ಮುತ್ತಿಗೆ ಹಾಕಿ, ಆಗದೆಂದು ಬಿಟ್ಟು ಹೋದರೆಂದು ಹೊಯ್ಸಳರ ಕಾಲದ ಶಾಸನ ಹೇಳುತ್ತದೆ. ಆ ಲೆಕ್ಕದಲ್ಲಿ ದುರ್ಗದ ಮೊದಲ ಲಾಂಗ್ ಟರ್ಮ್ ಅಭ್ಯರ್ಥಿಗಳು ಚೋಳರೇ. ಮುಂದೆ ಹೊಯ್ಸಳ ದೊರೆ ಇಮ್ಮಡಿ ಬಲ್ಲಾಳ ಕೋಟೆ ಗೆದ್ದು ‘ಗಿರಿದುರ್ಗಮಲ್ಲ’ ಎನಿಸಿಕೊಂಡ. ಬಲ್ಲಾಳನಿಗೆ ಕೋಟೆ ಮೊದಲು, ಬಿರುದು ಆಮೇಲೆ. ಡಾಕ್ಟ್ರಿಗೆ ಬಿರುದು ಮೊದಲೇ ಬಂದಿರುತ್ತದೆ, ಕೋಟೆಯದ್ದೇ ಬಾಕಿ.

ಈ ಜಾತಿಯ ಹುಟ್ಟು ಇತ್ತೀಚಿನದು. 1994ರಲ್ಲಿ ಸಿಇಟಿ ಬಂದ ಮೇಲೆ ರಾಜ್ಯದ ಮೆಡಿಕಲ್ ಸೀಟುಗಳು ಆ ಪರೀಕ್ಷೆಯ ರ‍್ಯಾಂಕಿನ ಮೇಲೆ ಹಂಚಿಕೆಯಾಗುತ್ತಿದ್ದವು. ದೇಶಕ್ಕೆಲ್ಲ ಒಂದೇ ಪರೀಕ್ಷೆಯೆಂದು ನೀಟ್ 2013ರಲ್ಲಿ ಒಮ್ಮೆ ಬಂತು, ಸುಪ್ರೀಂ ಕೋರ್ಟಿನಲ್ಲಿ ಬಿತ್ತು, 2016ರಲ್ಲಿ ಅಲ್ಲೇ ಎದ್ದು ನಿಂತಿತು. 2017ರಲ್ಲಿ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಬಂತು. ಅನುವಾದದಲ್ಲಿ ಅನುಮಾನ ಬಂದರೆ ಇಂಗ್ಲಿಷಿನದೇ ಕೊನೆಯ ಮಾತು ಎಂಬ ಷರತ್ತೂ ಜೊತೆಗೆ ಬಂತು. 2022ರಲ್ಲಿ ವಯಸ್ಸಿನ ಮೇಲ್ಮಿತಿ ಹೋಯಿತು. ಎಷ್ಟು ಸಲ ಬರೆಯಬಹುದೆಂಬುದಕ್ಕೂ ಮಿತಿಯಿಲ್ಲ. ಹೀಗೆ ನಿಯಮಗಳೇ ಬೇಲಿ ಕಿತ್ತ ಮೇಲೆ ಸಂತತಿ ಬೆಳೆಯಿತು.

ಪರೀಕ್ಷೆಯ ಸ್ವರೂಪ ಸರಳ. 180 ಪ್ರಶ್ನೆ, 180 ನಿಮಿಷ, 720 ಅಂಕ. ಭೌತಶಾಸ್ತ್ರದವು 45, ರಸಾಯನಶಾಸ್ತ್ರದವು 45, ಜೀವಶಾಸ್ತ್ರದವು 90. ಸರಿಯಾದರೆ ನಾಲ್ಕು ಅಂಕ ಬರುತ್ತದೆ, ತಪ್ಪಿದರೆ ಒಂದು ಹೋಗುತ್ತದೆ, ಬಿಟ್ಟರೆ ಬರುವುದೂ ಇಲ್ಲ ಹೋಗುವುದೂ ಇಲ್ಲ. ಈ ಮೈನಸ್ ಲೆಕ್ಕ ಮನೆಯಲ್ಲಿ ಎಲ್ಲರಿಗಿಂತ ಮೊದಲು ಅರ್ಥವಾಗುವುದು ಅಜ್ಜಿಗೆ. ಗೊತ್ತಿಲ್ಲದ್ದಕ್ಕೆ ಬಾಯಿ ಹಾಕಿದರೆ ಇದ್ದದ್ದೂ ಹೋಗುತ್ತದೆ ಎಂಬುದು ಆಕೆ ಮೊದಲಿಂದ ಹೇಳುತ್ತ ಬಂದ ಮಾತೇ.

ಡಾಕ್ಟ್ರ ವಾಸ ಅಟ್ಟದ ಕೋಣೆಯಲ್ಲಿ. ಮೆಕ್ಕೆಜೋಳದ ಚೀಲಗಳನ್ನು ಒಂದು ಗೋಡೆಗೆ ಒತ್ತಿ ಮಾಡಿದ ಜಾಗದಲ್ಲಿ ಮೇಜು, ಟೇಬಲ್ ಫ್ಯಾನು, ಗೋಡೆಗೆ ಆವರ್ತ ಕೋಷ್ಟಕ. ಸ್ಮಾರ್ಟ್ ಫೋನು ಅಪ್ಪನ ವಶದಲ್ಲಿ, ಡಾಕ್ಟ್ರ ಕೈಯಲ್ಲಿ ಗುಂಡಿ ಒತ್ತುವ ಫೋನು. ಮುಖ್ಯ ಆಯುಧವೆಂದರೆ ಎನ್‌ಸಿಇಆರ್‌ಟಿಯ ಜೀವಶಾಸ್ತ್ರ ಪುಸ್ತಕ. ಮೊದಲ ವರ್ಷ ಮುಖ್ಯವಾದ ಸಾಲುಗಳಿಗೆ ಹಳದಿ ಹೈಲೈಟರ್ ಬೀಳುತ್ತದೆ. ಪ್ರಶ್ನೆ ಬರುವುದು ಹಳದಿಯಿಲ್ಲದ ಸಾಲಿನಿಂದ. ಎರಡನೆಯ ವರ್ಷ ಆ ಸಾಲುಗಳಿಗೆ ಹಸಿರು, ಮೂರನೆಯ ವರ್ಷ ಉಳಿದವಕ್ಕೆ ಗುಲಾಬಿ. ನಾಲ್ಕನೆಯ ವರ್ಷಕ್ಕೆ ಪುಸ್ತಕ ಹೋಳಿ ಆಡಿ ಬಂದಂತಿರುತ್ತದೆ. ಎಲ್ಲವೂ ಮುಖ್ಯವೆಂದು ಡಾಕ್ಟ್ರಿಗೆ ಮನದಟ್ಟಾಗುವುದು ಆಗಲೇ.

ಸೀಟು ಸಿಗುವ ಮೊದಲೇ ಪ್ರಾಕ್ಟೀಸು ಶುರುವಾಗುತ್ತದೆ. ದಾವಣಗೆರೆ ಆಸ್ಪತ್ರೆಯಿಂದ ಬಂದವರು ಬಸ್ಸಿಳಿದು ನೇರ ಇವರ ಜಗಲಿಗೆ ಬಂದು ರಿಪೋರ್ಟು ಬಿಚ್ಚುತ್ತಾರೆ. ‘ಏನ್ ಬರ್ದಾರ ನೋಡ್ರಿ ಡಾಕ್ಟ್ರೆ.’ ಡಾಕ್ಟ್ರು ಹೀಮೋಗ್ಲೋಬಿನ್ ಎಂದರೇನು, ಅದರಲ್ಲಿ ಕಬ್ಬಿಣ ಎಲ್ಲಿದೆ, ಆಮ್ಲಜನಕ ಹೇಗೆ ಅಂಟುತ್ತದೆ ಎಂಬುದನ್ನು ಹೇಳುತ್ತಾರೆ. ಯಾವ ಮಾತ್ರೆ ಎಂದು ಕೇಳಿದರೆ ‘ಅದು ಸಿಲೆಬಸ್ಸಿನಾಗ ಇಲ್ಲ’ ಎನ್ನುತ್ತಾರೆ. ಮಂಡಿನೋವಿನ ಮುದುಕಿಗೆ ಮಂಡಿ ಎಂಬುದು ಹಿಂಜ್ ಜಾಯಿಂಟ್, ಬಾಗಿಲ ತಿರುಗಣಿ ಇದ್ದಂತೆ ಎಂದು ವಿವರಿಸುತ್ತಾರೆ. ಮುದುಕಿ ಆ ರಾತ್ರಿ ಮಂಡಿಗೆ ಎಣ್ಣೆ ಬಿಟ್ಟು ಮಲಗಿ, ಬೆಳಗ್ಗೆ ‘ಕೈಗುಣ ಐತಿ’ ಎಂದು ಕೇರಿಗೆಲ್ಲ ಸಾರುತ್ತಾಳೆ. ಮನುಷ್ಯನ ಹೃದಯಕ್ಕೆ ನಾಲ್ಕು ಕೋಣೆ, ಜಿರಲೆಯದ್ದಕ್ಕೆ ಹದಿಮೂರು ಎಂಬುದೂ ಡಾಕ್ಟ್ರಿಗೆ ಗೊತ್ತು. ಜಿರಲೆಗಳು ಮಾತ್ರ ತೋರಿಸಿಕೊಳ್ಳಲು ಬರುವುದಿಲ್ಲ.

ಅಪ್ಪನದು ಅರ್ಥಶಾಸ್ತ್ರ. ಕೋಚಿಂಗ್ ಫೀಸು, ಹಾಸ್ಟೆಲ್ಲು, ಟೆಸ್ಟ್ ಸೀರೀಸು ಎಲ್ಲವೂ ಆತನ ತಲೆಯಲ್ಲಿ ಕ್ವಿಂಟಲುಗಳಾಗಿ ಕೂತಿರುತ್ತವೆ. ದಾವಣಗೆರೆ ಮಾರುಕಟ್ಟೆಯಲ್ಲಿ ಮೆಕ್ಕೆಜೋಳದ ರೇಟು ಬಿದ್ದ ದಿನ ಅಟ್ಟದ ಕೋಣೆಯ ಲೈಟು ಅರ್ಧ ತಾಸು ಹೆಚ್ಚು ಉರಿಯುತ್ತದೆ. ಡಾಕ್ಟ್ರು ಹೆಣ್ಣಾಗಿದ್ದರೆ ಖರ್ಚಿನ ಜೊತೆಗೆ ಗಡುವೂ ಇರುತ್ತದೆ. ಬಂದ ಸಂಬಂಧಗಳಿಗೆ ‘ಈ ಮೇ ಕಳೀಲಿ’ ಎಂಬ ಉತ್ತರ ಹೋಗುತ್ತದೆ, ಮೇ ಕಳೆದ ಮೇಲೆ ‘ಮುಂದಿನ ಮೇ ಕಳೀಲಿ’ ಎಂದು. ಮದುವೆ ಮುಂದೂಡಲು ಸರ್ಕಾರವೇ ನಡೆಸುವ ಪರೀಕ್ಷೆ ಇದೊಂದೇ ಎಂದು ತಿಳಿದು ಓದುವವರೂ ಇದ್ದಾರೆ. ಪಕ್ಕದ ಕೊಟ್ಟೂರಿನ ಕಾಲೇಜೊಂದು ಪಿಯುಸಿ ಕಲಾ ವಿಭಾಗದಲ್ಲಿ ಹಲವು ವರ್ಷ ರಾಜ್ಯಕ್ಕೆ ಮೊದಲ ಸ್ಥಾನ ತಂದಿದ್ದರೂ ಅದು ಡಾಕ್ಟ್ರ ಮನೆಯಲ್ಲಿ ಎತ್ತುವ ಸುದ್ದಿಯಲ್ಲ.

ದೈವಸಹಾಯದ ಹಂಗಾಮು ಫೆಬ್ರವರಿಯ ಆಸುಪಾಸಿನಲ್ಲಿ. ಭರತ ಹುಣ್ಣಿಮೆಗೆ ಉಚ್ಚಂಗೆಮ್ಮನ ಗುಡ್ಡಕ್ಕೆ ಜನ ಹರಿದು ಬರುವಾಗ ತಾಯಿ ಮೆಟ್ಟಿಲು ಹತ್ತಿ ಹರಕೆ ಕಟ್ಟುತ್ತಾಳೆ. ಅದೇ ದಿನಗಳಲ್ಲಿ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ಒಂದು ಸಾಲಿನ ಕಾರ್ಣಿಕ ನುಡಿಯುತ್ತಾನೆ. ರೈತರು ಅದರಲ್ಲಿ ಮಳೆ ಕಾಣುತ್ತಾರೆ, ರಾಜಕಾರಣಿಗಳು ಕುರ್ಚಿ ಕಾಣುತ್ತಾರೆ, ತಾಯಿ ಸೀಟು ಕಾಣುತ್ತಾಳೆ. ಅದರ ಹಿಂದೆಯೇ ಕೊಟ್ಟೂರೇಶ್ವರನ ತೇರು. ಅಪ್ಪ ಪಾದಯಾತ್ರೆ ಹೊರಡುತ್ತಾನೆ. ಡಾಕ್ಟ್ರು ಒಬ್ಬರೇ ಮನೆಯಲ್ಲಿದ್ದು ಮಾಕ್ ಟೆಸ್ಟ್ ಬರೆಯುತ್ತಾರೆ.

ದಾಖಲೆಗಳದ್ದೇ ಇನ್ನೊಂದು ಪತ್ರಿಕೆ. ಡಾಕ್ಟ್ರು ಊರು ಬಿಟ್ಟು ಕದಲದಿದ್ದರೂ ಹರಪನಹಳ್ಳಿ ತಾಲ್ಲೂಕು ಕದಲಿದೆ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ. ಹಾಗಾಗಿ ಒಂದನೆಯ ತರಗತಿಯ ಕಾಗದದಲ್ಲಿ ಒಂದು ಜಿಲ್ಲೆ, ಹೈಸ್ಕೂಲಿನದರಲ್ಲಿ ಇನ್ನೊಂದು, ಪಿಯುಸಿಯದರಲ್ಲಿ ಮತ್ತೊಂದು. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯ ಮೀಸಲು ಸಿಗಬೇಕಾದರೆ ಅರ್ಹತಾ ಪತ್ರ ಬೇಕು. ಈ ಮೀಸಲು ಆ ಭಾಗದ ಕಾಲೇಜುಗಳಲ್ಲಿ ಶೇ 70, ಹೊರಗೆ ಶೇ 8. ಜಾತಿ, ಆದಾಯ, ಗ್ರಾಮೀಣ, ಕನ್ನಡ ಮಾಧ್ಯಮ, ಒಂದೊಂದಕ್ಕೂ ಒಂದೊಂದು ಕಾಗದ. ಇವನ್ನೆಲ್ಲ ಜೋಡಿಸುವಷ್ಟರಲ್ಲಿ ಅಪ್ಪ ಒಂದು ಪದವಿಗೆ ಸಾಲುವಷ್ಟು ಕಲಿತಿರುತ್ತಾನೆ.

ಪರೀಕ್ಷೆ ಸಾಮಾನ್ಯವಾಗಿ ಮೇ ತಿಂಗಳ ಮೊದಲ ಭಾನುವಾರ, ಮಧ್ಯಾಹ್ನ ಎರಡಕ್ಕೆ. ಒಂದೂವರೆಗೆ ಗೇಟು ಬಂದ್. ಮೂರು ತಾಸಿನ ಪರೀಕ್ಷೆಗೆ ದುರ್ಗದ ಮನೆಯವರು ಬೆಳಗ್ಗೆ ಆರಕ್ಕೇ ದಾವಣಗೆರೆಗೆ ಹೊರಡುತ್ತಾರೆ, ಮೊಸರನ್ನದ ಡಬ್ಬಿ ಸಮೇತ. ತುಂಬುತೋಳಿನ ಅಂಗಿ ಬೇಡ, ಬೂಟು ಬೇಡ, ಆಭರಣ ಬೇಡ, ಪೆನ್ನೂ ಬೇಡ. ಅದನ್ನು ಒಳಗೇ ಕೊಡುತ್ತಾರೆ. ಚಪ್ಪಲಿ ಹಾಕಿ, ಪಾರದರ್ಶಕ ನೀರಿನ ಬಾಟಲಿ ಹಿಡಿದು ಡಾಕ್ಟ್ರು ಸಾಲಿನಲ್ಲಿ ನಿಂತಾಗ ಮೆಟಲ್ ಡಿಟೆಕ್ಟರ್ ಕೂಗುತ್ತದೆ. ತಾಯಿ ಕಟ್ಟಿದ ತಾಮ್ರದ ತಾಯಿತ. ಅದನ್ನು ಬಿಚ್ಚಿ ಗೇಟಿನಾಚೆ ಕೊಟ್ಟರೆ ತಾಯಿ ಅದನ್ನು ಸಂಜೆ ಐದರವರೆಗೂ ಮುಷ್ಟಿಯಲ್ಲಿ ಹಿಡಿದು ಬೇವಿನ ಮರದಡಿ ಕೂರುತ್ತಾಳೆ.

ಕೀ ಆನ್ಸರ್ ಬಂದ ಮೇಲೆ ಅಂಕದ ಲೆಕ್ಕ ಮನೆಮನೆಯದು. 2024ರಲ್ಲಿ 67 ಮಂದಿಗೆ 720ಕ್ಕೆ 720, ಕೆಲವರಿಗೆ 719, 718 ಎಂಬ ಸುದ್ದಿ ಬಂದಾಗ ನಾಲ್ಕನೆಯ ಇಯತ್ತೆ ಓದಿದ ತಾಯಂದಿರೂ ಅದನ್ನು ಹಿಡಿಯಬಲ್ಲವರಾಗಿದ್ದರು. ಒಂದು ಬಿಟ್ಟರೆ 716, ಒಂದು ತಪ್ಪಿದರೆ 715, ನಡುವೆ ಇನ್ನೆಲ್ಲಿ? ಅದು ಕೃಪಾಂಕ ಎಂದು ಆಮೇಲೆ ಗೊತ್ತಾಯಿತು, ಆ ಕೃಪಾಂಕವೂ ರದ್ದಾಯಿತು. ಫಲಿತಾಂಶದ ದಿನದ ಗೊಂದಲ ಬೇರೆ. ಐವತ್ತನೆಯ ಪರ್ಸೆಂಟೈಲ್, ಮೀಸಲಾತಿಯವರಿಗೆ ನಲವತ್ತನೆಯದು ದಾಟಿದರೆ ‘ಕ್ವಾಲಿಫೈ’. ಊರಿಗೆ ಅದೇ ಪಾಸು. ಪೇಡೆ ಹಂಚಿ ಆಗಿರುತ್ತದೆ. ಕ್ವಾಲಿಫೈಗೂ ಸರ್ಕಾರಿ ಸೀಟಿಗೂ ನಡುವೆ ನೂರಾರು ಅಂಕಗಳ ಕಂದಕವಿದೆ ಎಂಬುದನ್ನು ಪೇಡೆ ತಿಂದವರಿಗೆ ತಿಳಿಸುವ ಕೆಲಸ ಯಾರೂ ವಹಿಸಿಕೊಳ್ಳುವುದಿಲ್ಲ.

ಲಾಂಗ್ ಟರ್ಮ್ ಮುಗಿಯುವ ಬಗೆ ನಾಲ್ಕು. ಕೆಲವರಿಗೆ ಬಳ್ಳಾರಿಯಲ್ಲೋ ಕೊಪ್ಪಳದಲ್ಲೋ ಎಂಬಿಬಿಎಸ್ ಸಿಗುತ್ತದೆ. ಅವರು ಊರಿಗೆ ಬರುವುದು ಕಡಿಮೆಯಾಗಿ ಜಗಲಿಯ ಪ್ರಾಕ್ಟೀಸು ನಿಲ್ಲುತ್ತದೆ. ಕೆಲವರು ಆಯುರ್ವೇದಕ್ಕೆ, ಕೆಲವರು ನರ್ಸಿಂಗಿಗೆ ಹೋಗುತ್ತಾರೆ. ಕೆಲವರು ಬಿಎಸ್ಸಿ ಸೇರಿ, ಬಿಎಡ್ ಮಾಡಿ, ಜೀವಶಾಸ್ತ್ರದ ಮೇಷ್ಟ್ರಾಗಿ ಹೊಸ ಡಾಕ್ಟ್ರುಗಳನ್ನು ತಯಾರಿಸುತ್ತಾರೆ. ಹೋದವರು ಯಾವ ದಾರಿ ಹಿಡಿದರೂ ಊರು ಕೊಟ್ಟ ಬಿರುದನ್ನು ವಾಪಸು ಪಡೆಯುವುದಿಲ್ಲ. ವಾಪಸು ಹೋಗುವುದು ಪುಸ್ತಕಗಳು ಮಾತ್ರ, ಅವೂ ಪಕ್ಕದ ಮನೆಯ ಪಿಯುಸಿ ಹುಡುಗಿಗೆ. ಆಕೆ ಜೀವಶಾಸ್ತ್ರ ತೆರೆದು, ಹಳದಿ ಹಸಿರು ಗುಲಾಬಿಯ ನಡುವೆ ಬಣ್ಣ ತಾಗದ ಒಂದು ಸಾಲನ್ನೂ ಕಾಣದೆ, ಪೆನ್ಸಿಲ್ ಹುಡುಕಿ ಮೊದಲ ಪುಟದಿಂದ ಅಡಿಗೆರೆ ಎಳೆಯಲು ತೊಡಗುತ್ತಾಳೆ.