ಗುರುವಾರ ವ್ರತ ನಿರ್ಣಯ

ಸೂತ್ರ: ಶಿಶುನಿಷೇಧಾತ್ ಶಿಶುತ್ವಪ್ರಾಪ್ತಿಃ.

ಭಾಷ್ಯ: ಸ್ಯಾನ್ ಫ್ರಾನ್ಸಿಸ್ಕೊ ಕ್ಷೇತ್ರದ 15ನೇ ಧಕ್ಕೆಯ ಮೇಲೆ ಎಕ್ಸ್‌ಪ್ಲೊರೆಟೋರಿಯಂ ಎಂಬ ವಿಜ್ಞಾನ ಮ್ಯೂಸಿಯಂ ಉಂಟು. ಗುರುವಾರ ಸಂಜೆ ಆರರಿಂದ ಹತ್ತರವರೆಗೆ ಅಲ್ಲಿ ‘ಆಫ್ಟರ್ ಡಾರ್ಕ್’ ಎಂಬ ವ್ರತ. 18 ತುಂಬದವರಿಗೆ ಪ್ರವೇಶವಿಲ್ಲ. ‘ವಯಸ್ಕರಿಗೆ ಮಾತ್ರ’ ಎಂದು ಬೋರ್ಡು ಕಂಡರೆ ಒಳಗೇನು ನಡೆದೀತೆಂದು ಟೂರಿಂಗ್ ಟಾಕೀಸಿನ ಪರಂಪರೆಯಲ್ಲಿ ಬೆಳೆದ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆ ಊಹೆ ಇಲ್ಲಿ ಸಲ್ಲದು. ಒಳಗೆ ದೊಡ್ಡವರು ಸೋಪಿನ ಗುಳ್ಳೆ ಊದುತ್ತಿರುತ್ತಾರೆ.

ಅಧಿಕಾರಿ ಭೇದ: 18ರ ಕೆಳಗಿನವರು ಅನಧಿಕಾರಿಗಳು. 21 ದಾಟಿದವರು ಗುಳ್ಳೆಗೂ ಬೀರಿಗೂ ಪೂರ್ಣಾಧಿಕಾರಿಗಳು. ನಡುವಿನವರು ತ್ರಿಶಂಕುಗಳು, ಕ್ಯಾಲಿಫೋರ್ನಿಯದಲ್ಲಿ ಅವರು ಓಟು ಹಾಕಬಹುದು, ಬೀರು ಕುಡಿಯುವಂತಿಲ್ಲ. ಗೋಲ್ಡನ್ ಗೇಟ್ ಪಾರ್ಕಿನ ಕ್ಯಾಲಿಫೋರ್ನಿಯ ಅಕಾಡೆಮಿ ಆಫ್ ಸೈನ್ಸಸ್‌ನವರು ತಮ್ಮ ‘ನೈಟ್‌ಲೈಫ್’ಗೆ 21ರ ಕೆಳಗಿನವರನ್ನು ಸೇರಿಸದೆ ಈ ತೊಡಕನ್ನು ಬಾಗಿಲಲ್ಲೇ ಮುಗಿಸಿದ್ದಾರೆ. ಅದೂ ಗುರುವಾರವೇ. ಒಂದೇ ಊರು, ಒಂದೇ ಮುಹೂರ್ತ, ಎರಡು ಮಠ.

ಪೂರ್ವಪಕ್ಷ: ಜನ ಬರುವುದು ಮದ್ಯಕ್ಕೆ. ಅದು ಸರಿಯಲ್ಲ. ಬೀರು ಬೀದಿಬೀದಿಯಲ್ಲಿ ಸಿಗುವ ಊರಲ್ಲಿ ಅದಕ್ಕಾಗಿ ಲೋಲಕದ ಪಕ್ಕ ಕ್ಯೂ ನಿಲ್ಲುವವರಾರು? ಮಕ್ಕಳ ಗಲಾಟೆ ತಪ್ಪುತ್ತದಲ್ಲ ಎಂದರೆ, ಗುರುವಾರದ ಗಲಾಟೆ ಕೇಳಿದವರು ಹಾಗೆನ್ನಲಾರರು.

ಸಿದ್ಧಾಂತ: ಮಗು ಜೊತೆಗಿದ್ದರೆ ಅಪ್ಪನಾದವನು ಎಲ್ಲ ಬಲ್ಲವನಾಗಿರಬೇಕು. ‘ಇದು ಯಾಕಪ್ಪ ಹೀಗೆ?’ ಎಂದಾಗ ಗೋಡೆಯ ಮೇಲಿನ ವಿವರಣೆಯನ್ನು ಓರೆಗಣ್ಣಿನಲ್ಲಿ ಓದಿ, ಹುಟ್ಟಿದಾಗಿನಿಂದ ಗೊತ್ತಿದ್ದವನಂತೆ ಹೇಳಬೇಕು. ಗುರುವಾರ ಈ ಹೊರೆಯಿಲ್ಲ. ಗೊತ್ತಿಲ್ಲ ಎನ್ನಲು ಅಲ್ಲಿ ಟಿಕೆಟ್ ಮಾರುತ್ತಾರೆ. ಮೂಲಪುರುಷ ಫ್ರ್ಯಾಂಕ್ ಆಪನ್‌ಹೈಮರ್‌ಗೂ ಇದು ಒಪ್ಪಿಗೆಯಾಗುತ್ತಿತ್ತು. ಬಾಂಬಿನ ರಾಬರ್ಟರ ಈ ತಮ್ಮ ಕಮ್ಯುನಿಸ್ಟ್ ಬೇಟೆಯ ಕಾಲದಲ್ಲಿ ವಿಶ್ವವಿದ್ಯಾಲಯದ ಕೆಲಸ ಕಳೆದುಕೊಂಡು, ಕೊಲರಾಡೊದಲ್ಲಿ ದನ ಸಾಕಿ, ಹೈಸ್ಕೂಲಿನಲ್ಲಿ ಪಾಠ ಹೇಳಿ, 1969ರಲ್ಲಿ ‘ಮುಟ್ಟಬೇಡಿ’ ಎನ್ನುವ ಬದಲು ಮುಟ್ಟಿ ನೋಡಿ ಎನ್ನುವ ಮ್ಯೂಸಿಯಂ ತೆರೆದರು.

ಪ್ರತ್ಯಕ್ಷ ಪ್ರಮಾಣ: ‘ಎ ಸಿಪ್ ಆಫ್ ಕಾನ್‌ಫ್ಲಿಕ್ಟ್’ ಎಂಬ ಪ್ರದರ್ಶಿಕೆ. ಕಮೋಡನ್ನೇ ಕುಡಿಯುವ ನೀರಿನ ಕಾರಂಜಿ ಮಾಡಿದ್ದಾರೆ. ಕಮೋಡು ಯಾರೂ ಬಳಸದ್ದು, ನೀರು ಶುದ್ಧ. ಬುದ್ಧಿಗೆ ಇದು ಗೊತ್ತು, ಗಂಟಲಿಗೆ ಗೊತ್ತಿಲ್ಲ. ಧರ್ಮಶಾಸ್ತ್ರದಲ್ಲಿ ದ್ರವ್ಯಶುದ್ಧಿ ಪ್ರಕರಣವಿದೆ. ತಾಮ್ರಕ್ಕೆ ಹುಳಿ, ಕಂಚಿಗೆ ಬೂದಿ ಎಂದೆಲ್ಲ ಹೇಳಿದವರು ಪಿಂಗಾಣಿಯ ಈ ಪಾತ್ರೆಯ ಬಗ್ಗೆ ಮೌನಿಗಳು. ಅಲ್ಲಿ ನಿಂತ ಕನ್ನಡ ದಂಪತಿಗಳ ಸಂವಾದ ಹೀಗೆ ಸಾಗೀತು:

“ಹೊಸದಂತೆ ಕಣೇ. ಕುಡಿ.”

“ನೀವು ಇಂಜಿನಿಯರು. ನೀವು ಕುಡೀರಿ.”

“ನನಗೆ ಬಾಯಾರಿಕೆ ಇಲ್ಲ.”

“ಈಗಷ್ಟೇ ನೀರೆಲ್ಲಿದೆ ಅಂತ ಕೇಳಿದ್ರಲ್ಲ?”

ಕೊನೆಗೆ ಇಬ್ಬರೂ ಕಣ್ಣು ಮುಚ್ಚಿ ಒಂದೊಂದು ಗುಟುಕು ಕುಡಿದು, ಬಿದ್ದು ಬಿದ್ದು ನಗುತ್ತಾರೆ. ಸೂತ್ರ ಸಿದ್ಧವಾಯಿತು.

ಶೇಷ ಸಂಶಯ: ಮನೆಯಲ್ಲಿ ಬಿಟ್ಟುಬಂದ ಮಗು ಶನಿವಾರ ಅದೇ ಮ್ಯೂಸಿಯಮ್ಮಿಗೆ ಹಟ ಮಾಡಿದರೆ, ಮೊದಲ ಸಲ ನೋಡಿದವರಂತೆ ಬೆರಗಾಗಿ ನಿಲ್ಲುವುದು ಸತ್ಯಭಂಗವೋ ಅಲ್ಲವೋ? ನಮ್ಮ ಮತದಲ್ಲಿ ಅಲ್ಲ. ಆದರೆ ಮಗು ಕೇಳುವ ಮೊದಲೇ ಕಮೋಡಿನ ಹತ್ತಿರ ಹೋಗಿ ಬಗ್ಗಬಾರದು.