ಬಾಣದ ಬೆನ್ನು ಹತ್ತಿ

ತಾಂಡೂರಿನಲ್ಲಿ ಕಲ್ಲಿನ ಪಾಲಿಶ್ ಕಾರ್ಖಾನೆ ಇಟ್ಟಿರುವ ನನ್ನ ಸೋದರಳಿಯ ಈಗೀಗ ರಾತ್ರಿ ಉಂಡು ಟೀವಿ ನೋಡುವುದಿಲ್ಲ, ಗಿರಾಕಿಗಳನ್ನು ನೋಡುತ್ತಾನೆ. ಗಿರಾಕಿಯೆಂದರೆ ತೆರೆಯ ಮೇಲಿನ ಒಂದು ಸಣ್ಣ ಬಾಣ. ವೆಬ್‌ಸೈಟಿಗೆ ಬಂದವರ ಬಾಣ ಎಲ್ಲಿ ಓಡಿತು, ಎಲ್ಲಿ ನಿಂತಿತು ಎಂಬುದನ್ನೆಲ್ಲ ಮೈಕ್ರೋಸಾಫ್ಟ್‌ನ ಕ್ಲಾರಿಟಿ ಎಂಬ ಸಾಫ್ಟ್‌ವೇರ್ ಬರೆದಿಟ್ಟುಕೊಂಡು ಮತ್ತೆ ಆಡಿಸಿ ತೋರಿಸುತ್ತದೆ. 2020ರಲ್ಲಿ ಬಂದದ್ದು, ಪುಕ್ಕಟೆ. ಪುಕ್ಕಟೆ ಎಂದ ಮೇಲೆ ನಮ್ಮ ಮಂದಿ ಬಿಡುವುದುಂಟೆ?

ಹಬ್ಬಕ್ಕೆ ಹೋದ ನನ್ನನ್ನೂ ಎಳೆದು ಕೂರಿಸಿದ. ಇದು ಕ್ಯಾಮೆರಾ ಹಿಡಿದು ಚಿತ್ರ ತೆಗೆಯುವುದಲ್ಲವಂತೆ. ಪುಟ ಹೇಗಿತ್ತು, ಎಷ್ಟು ಜಾರಿಸಿದರು, ಏನು ಒತ್ತಿದರು ಎಂಬ ಲೆಕ್ಕ ಇಟ್ಟು, ಆಮೇಲೆ ಅದನ್ನು ಹೊಸದಾಗಿ ಕಟ್ಟಿ ಆಡಿಸುವುದಂತೆ. ಮೊಬೈಲಿನವರಿಗೆ ಬಾಣವೂ ಇಲ್ಲ, ಬರೀ ಬೆರಳಿನ ಗುರುತು.

ಒಂದು ಬಾಣ ನೀಲಿ ಕಲ್ಲು ನೋಡಿತು, ಹಳದಿ ಕಲ್ಲು ನೋಡಿತು, ‘ದರಕ್ಕಾಗಿ ವಿಚಾರಿಸಿ’ ಎಂಬಲ್ಲಿ ಬಂದು ಟಕಟಕ ಕುಟ್ಟತೊಡಗಿತು. ಇದಕ್ಕೆ ರೇಜ್ ಕ್ಲಿಕ್ ಎನ್ನುತ್ತಾರಂತೆ. ಅಡುಗೆಮನೆಯಿಂದ ಅಕ್ಕ, “ಭಾವ ಬರೀಲಿಲ್ಲಂದ್ರ ಸಿಟ್ಟು ಬರಲಾರ್ದೇ ಏನು?” ಎಂದಳು. ಇನ್ನೊಂದು ಬಾಣ ನಡುಪುಟದಲ್ಲಿ ನಿಂತದ್ದು ಕದಲಲೇ ಇಲ್ಲ. ಕಲ್ಲಿನ ಗುಣವರ್ಣನೆಯನ್ನು ಮನಸ್ಸಿಟ್ಟು ಓದುತ್ತಿದ್ದಾರೆಂದು ಅಳಿಯ. ಕರೆಂಟು ಹೋಗಿದೆಯೆಂದು ನಾನು. “ಹಾಲು ಉಕ್ಕಿರಬೇಕು,” ಎಂದಳು ಅಕ್ಕ.

ಅವಳಿಗೊಂದು ಧರ್ಮಸಂಕಟವೂ ಇತ್ತು. ಮಂದಿ ಮನೆಯಲ್ಲಿ ಇಣುಕಿದಂತಲ್ಲವೇ ಇದು? ಅನುಮಾನ ಸುಳ್ಳಲ್ಲ. ಇಂಥ ಸಾಫ್ಟ್‌ವೇರುಗಳು ಜನ ಟೈಪು ಮಾಡಿದ ಖಾಸಗಿ ಸಂಗತಿಗಳನ್ನೂ ಸೋರಿಸುತ್ತಿರುವುದನ್ನು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲೇ ಬಯಲಿಗೆಳೆದಿದ್ದರು. ಕ್ಲಾರಿಟಿಯಲ್ಲಿ ಫೋನ್ ನಂಬರು ಬರೆದರೂ ಬರೀ ಚುಕ್ಕಿ ಕಾಣುತ್ತದೆಂದು ಅಳಿಯ ತೋರಿಸಿದ. ಅಕ್ಕ ಸಮಾಧಾನದಿಂದ ಕೈ ಒರೆಸಿಕೊಂಡು ಬಂದು ಕುಳಿತು, “ಮುಂದಿಂದು ಹಚ್ಚು,” ಎಂದಳು.

ಮುಂದಿನದರಲ್ಲೇ ಸ್ವಾರಸ್ಯವಿತ್ತು. ಬೆರಳೊಂದು ಕಾರ್ಖಾನೆಯ ಫೋಟೋದ ಮೇಲೆ ಒತ್ತಿತು. ಫೋಟೋ ಒತ್ತಿದರೆ ಏನೂ ಆಗುವುದಿಲ್ಲ. ಇದು ಡೆಡ್ ಕ್ಲಿಕ್. ಬೇರೆ ಬೇರೆ ಬೆರಳುಗಳೂ ಅಲ್ಲೇ ಒತ್ತಿದ್ದವು. ಚಿತ್ರ ದೊಡ್ಡದಾಗಲೆಂದು ಒತ್ತುತ್ತಾರೆಂದು ಅಳಿಯನ ವಾದ. ನನಗೆ ಕಂಡದ್ದೇ ಬೇರೆ. ಫೋಟೋದಲ್ಲಿ ಭಾವನ ಕಾಲದ ಬೋರ್ಡಿತ್ತು, ಕನ್ನಡದ್ದು. ಸೈಟಿನಲ್ಲಿ ತೆಲುಗು, ಇಂಗ್ಲಿಷ್, ಹಿಂದಿಗೆ ಒಂದೊಂದು ಗುಂಡಿ. ಬೋರ್ಡನ್ನೇ ನಾಲ್ಕನೆಯ ಗುಂಡಿಯೆಂದು ಒತ್ತುತ್ತಿದ್ದರು!

ಯಾವ ಊರಿನವರೆಂದು ನೋಡಿದರೆ ಎಲ್ಲರೂ ಹೈದರಾಬಾದಿನವರು. ಇಂಟರ್ನೆಟ್ಟಿನ ವಿಳಾಸದಿಂದ ಊರು ಊಹಿಸಿದರೆ ಹೀಗೇ ಆಗುವುದು. ಕನ್ನಡದ ಬೆರಳುಗಳು ಈ ಸುತ್ತಮುತ್ತಲಿನವೇ ಇರಬೇಕೆಂದು ನನ್ನ ಗುಮಾನಿ. 1956ರ ನವೆಂಬರ್ 1ರ ತನಕ ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ಜಹೀರಾಬಾದ್, ನಾರಾಯಣಖೇಡ ಬೀದರ ಜಿಲ್ಲೆಯಲ್ಲಿದ್ದವು. ಜಹೀರಾಬಾದ್ ತಾಲೂಕಿನ ನಿರ್ಣಾ ಸರ್ಕಲ್ಲೊಂದನ್ನು ಬಿಟ್ಟು ಇವೆಲ್ಲ ಆಂಧ್ರದ ಪಾಲಾದವು. ಗಡಿ ಗೆರೆ ಎಳೆದವರಿಗೇ ಬೆರಳುಗಳ ಗುಟ್ಟು ತಿಳಿದಿರಲಿಲ್ಲ, ಪಾಪ ಸಾಫ್ಟ್‌ವೇರಿಗೆ ಹೇಗೆ ತಿಳಿದೀತು?

ಅಳಿಯ ಗೊಣಗುತ್ತಲೇ ಕನ್ನಡ ಗುಂಡಿ ಇಟ್ಟ, ಒಕ್ಕಣೆ ನನ್ನದು. ನಾನು ಅಲ್ಲಿರುವಾಗಲೇ ಫೋನು ಬಂತು, ನಾರಾಯಣಖೇಡದಿಂದ. ಆಸಾಮಿ ಕನ್ನಡ ಪುಟವನ್ನು ಕೊನೆಯ ಸಾಲಿನ ತನಕ ಓದಿದ್ದರಂತೆ. ತೆಲುಗಿನಲ್ಲಿ ಚದರಡಿಯ ರೇಟು ಕೇಳಿದರು, ಹಿಂದಿಯಲ್ಲಿ ಚೌಕಾಶಿ ಮಾಡಿದರು, “ಇಷ್ಟ್ಯಾಕ ತುಟ್ಟಿ ಹೇಳ್ತೀರಿ, ಕಲ್ಲದನೋ ಬಂಗಾರದನೋ?” ಎಂದು ಅಚ್ಚ ಕನ್ನಡದಲ್ಲಿ ಬೈದು ಫೋನಿಟ್ಟರು.